ರಾಣಿಯ ಒಪ್ಪಿಗೆ ಪಡೆಯದ ಕಚೇರಿ

೧೮೫೬ರ ಮಾರ್ಚ್ ಮೂರರಂದು ಕಲ್ಕತ್ತೆಯ ಒಬ್ಬ ಇಂಜಿನಿಯರ್ ಸರ್ಕಾರಕ್ಕೆ ಒಂದು ಅರ್ಜಿ ಕೊಟ್ಟ. ಪಂಖಾ ಎಳೆಯುವ ಯಂತ್ರವೊಂದನ್ನು ತಾನು ಕಂಡುಹಿಡಿದಿದ್ದೇನೆ, ಅದರ ಹಕ್ಕು ತನಗೊಬ್ಬನಿಗೇ ಸೇರಬೇಕು ಎಂಬುದು ಅದರ ಸಾರಾಂಶ. ಶೋಧಕರ ಹಕ್ಕಿನ ಕಾನೂನು ಬಂದು ಆಗ ಇನ್ನೂ ವಾರವಾಗಿರಲಿಲ್ಲ. ಈ ದೇಶದ ಪೇಟೆಂಟ್ ಇತಿಹಾಸ ಶುರುವಾಗುವುದು ಆ ಅರ್ಜಿಯಿಂದ.

ಶಹಾಪುರದಲ್ಲಿರುವ ನನ್ನ ಸೋದರಮಾವ ಈ ಇತಿಹಾಸವನ್ನು ಓದಿಕೊಂಡಿದ್ದಾರೆ ಎಂದು ಬರೆದರೆ ವರದಿ ತಪ್ಪಾಗುತ್ತದೆ. ಓದಿಕೊಂಡವರು ಬಹಳ ಜನ ಇರಬಹುದು. ಮಾವ ಅದನ್ನು ಮೊದಲಿನಿಂದ ಇನ್ನೊಮ್ಮೆ ನಡೆಸುತ್ತಿದ್ದಾರೆ, ತಮ್ಮ ಮನೆಯ ಪಡಸಾಲೆಯಲ್ಲಿ. ಕಚೇರಿ ಸ್ಥಾಪನೆ ಆಗಿದೆ, ರದ್ದತಿ ಆಗಿದೆ, ಬೆಂಕಿ ಅನಾಹುತ ಆಗಿದೆ, ಮರುಸ್ಥಾಪನೆಯೂ ಆಗಿದೆ. ಸದ್ಯ ಕಚೇರಿಯ ಮುಂದೆ ಒಂದೇ ಒಂದು ಅರ್ಜಿ ಇತ್ಯರ್ಥಕ್ಕೆ ಉಳಿದಿದೆ. ಅರ್ಜಿದಾರರು ಮಾವ. ಅದಕ್ಕೆ ತಕರಾರು ಹಾಕಿದವರು ಅತ್ತೆ. ಲಕ್ವಾ ಹೊಡೆದು ಬಲಗೈಯ ಸ್ವಾಧೀನ ಕಳೆದುಕೊಂಡಿರುವ ಅತ್ತೆ ಇನ್ನೊಮ್ಮೆ ರೊಟ್ಟಿ ಬಡಿಯುತ್ತಾರೋ ಇಲ್ಲವೋ ಎಂಬುದು ಆ ಅರ್ಜಿಯ ಮೇಲೆ ನಿಂತಿದೆ. ಹೀಗಾಗಿ ವಿಷಯವನ್ನು ಕ್ರಮವಾಗಿ ಹೇಳಬೇಕು.

ಮಾವ ಯಾದಗಿರಿಯ ಐಟಿಐಯಲ್ಲಿ ಫಿಟ್ಟರ್ ವಿಭಾಗದ ಮಾಸ್ತರರಾಗಿದ್ದು ನಿವೃತ್ತರಾದವರು. ನಿವೃತ್ತಿಯ ಮೊದಲ ಬೇಸಿಗೆಯಲ್ಲೇ ಅವರು ಕೂಲರಿಗೆ ಒಂದು ಸಾಧನ ಮಾಡಿದರು. ಟಾಕಿಯಲ್ಲಿ ನೀರು ಮುಗಿಯುವ ಹೊತ್ತಿಗೆ ಒಂದು ಡಬ್ಬಿ ಕೆಳಗಿಳಿದು ತಾನಾಗಿ ನಳ ತೆರೆಯುತ್ತದೆ, ತುಂಬಿದಾಗ ಮೇಲೆದ್ದು ಮುಚ್ಚುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಮಧ್ಯಾಹ್ನದ ನಿದ್ದೆಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಮಾವ ಚೆನ್ನೈಯ ಪೇಟೆಂಟ್ ಕಚೇರಿಗೆ ಅರ್ಜಿ ಕಳಿಸಿದರು. ಬಹಳ ದಿನಗಳ ನಂತರ ಉತ್ತರ ಬಂತು. ಇದನ್ನು ಪರದೇಶದಲ್ಲಿ ಒಬ್ಬಾತ ಹಿಂದೆಯೇ ಮಾಡಿಬಿಟ್ಟಿದ್ದಾನೆ, ಆದ್ದರಿಂದ ಹೊಸದಲ್ಲ ಎಂದು ಅದರಲ್ಲಿತ್ತು. ಉತ್ತರ ಸರಿಯಾಗಿಯೇ ಇತ್ತು. ಅದರಲ್ಲಿ ಕೊಟ್ಟಿದ್ದ ಉಲ್ಲೇಖಗಳನ್ನು ನಾನು ನೋಡಿದೆ, ಆ ಪರದೇಶದವನ ಡಬ್ಬಿ ಮಾವನ ಡಬ್ಬಿಗಿಂತ ಚೆನ್ನಾಗಿಯೂ ಇತ್ತು. ಅದನ್ನು ಮಾವನಿಗೆ ಹೇಳಿಲ್ಲ.

"ನನಕಿಂತ ಮೊದಲ ಅವನಿಗಿ ಹೊಳದದಂತ," ಎಂದರು ಮಾವ. "ಅಂವಾ ಶಹಾಪುರದ ಬ್ಯಾಸಗಿ ಕಂಡಾನೇನು?"

"ಕಂಡಿಲ್ಲ. ಅದಕ್ಕಾ ತಲಿ ನೆಟ್ಟಗಿತ್ತು, ಹೊಳೀತು," ಎಂದರು ಅತ್ತೆ, ಒಳಗಿನಿಂದ.

ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರು, ಇಲ್ಲವೇ ಮರೆಯುತ್ತಿದ್ದರು. ಮಾವ ಎರಡನ್ನೂ ಮಾಡಲಿಲ್ಲ. ತನ್ನ ಮುಂದೆ ಸಾಲಿನಲ್ಲಿ ಯಾರ‍್ಯಾರು ನಿಂತಿದ್ದಾರೆ, ಆ ಸಾಲಿನ ತುದಿಯಲ್ಲಿ ಯಾರಿದ್ದಾರೆ ಎಂದು ತಿಳಿಯಬೇಕೆನಿಸಿತು ಅವರಿಗೆ. ಹಾಗೆ ಹಿಂದೆ ಹಿಂದೆ ಹೋಗುತ್ತ ಪಂಖಾದವನ ಹತ್ತಿರ ಬಂದು ಮುಟ್ಟಿದರು. ಅಲ್ಲಿ ಅವರಿಗೆ ಸಮಾಧಾನವಾಯಿತು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವನೂ ಸೆಕೆ ತಡೆಯಲಾರದೆ ನಿಂತವನೇ.

ಅಲ್ಲಿಂದ ಮುಂದೆ ಮಾವನ ಜೊತೆ ಸಹಜವಾಗಿ ಮಾತನಾಡುವುದು ಕಷ್ಟವಾಯಿತು. ದೋರನಹಳ್ಳಿಯ ಒಂದು ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ಕರೆಂಟು ಹೋಯಿತು. ಮದುಮಗನ ಹಣೆಯ ವಿಭೂತಿ ಬೆವರಿಗೆ ಇಳಿಯತೊಡಗಿತು. ಯಾರೋ ಜನರೇಟರ್ ನೋಡಲು ಓಡಿದರು. ಮಾವ ಎದ್ದು ನಿಂತು, ಹಿಂದೆ ದೊಡ್ಡ ಸಾಹೇಬರ ಬಂಗಲೆಗಳಲ್ಲಿ ತೊಲೆಗೆ ಕಟ್ಟಿದ ಬಟ್ಟೆಯ ಪಂಖಾವನ್ನು ಹೊರಗೆ ಕುಳಿತ ಒಬ್ಬ ಆಳು ಹಗ್ಗದಿಂದ ಎಳೆಯುತ್ತಿದ್ದುದನ್ನೂ, ಆ ಆಳಿನ ಬದಲು ಯಂತ್ರ ತರಲು ಹೊರಟವನಿಗೆ ದೇಶದ ಮೊದಲ ಹಕ್ಕು ಸಿಕ್ಕಿದ್ದನ್ನೂ ವಿವರಿಸಿದರು. ಐನೋರು ಮಂತ್ರ ನಿಲ್ಲಿಸಿ ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ ಕರೆಂಟು ಬಂತು. ಮಾವ ಆಗ ೧೮೫೯ಕ್ಕೆ ಬಂದಿದ್ದರು. ಬಂದದ್ದಕ್ಕೆ ಮುಗಿಸಿಯೇ ಕುಳಿತರು. ಲಗ್ನದ ಮುಹೂರ್ತ ಮೀರಿತೇ ಎಂಬ ಬಗ್ಗೆ ಎರಡೂ ಕಡೆಯವರ ಹೇಳಿಕೆಗಳು ಹೊಂದುವುದಿಲ್ಲ.

ಕಚೇರಿಯ ವಿಚಾರ ಹುಟ್ಟಿದ್ದು ವಡಗೇರಾದ ಬಸ್ ನಿಲ್ದಾಣದಲ್ಲಿ. ಅಲ್ಲಿ ಮಿರ್ಚಿ ಭಜಿ ಮಾಡುವ ಒಬ್ಬಾತ ಕುದಿಯುವ ಎಣ್ಣೆ ಮೈಗೆ ಸಿಡಿಯದಂತೆ ಸೈಕಲ್ಲಿನ ಮಡ್‌ಗಾರ್ಡನ್ನು ಬಾಣಲೆಯ ಅಂಚಿಗೆ ಕೂಡಿಸಿಕೊಂಡಿದ್ದ. ಮಾವ ಬಸ್ಸು ಬಿಟ್ಟು ಅದನ್ನೇ ನೋಡುತ್ತ ನಿಂತರು. ಬಸ್ಸು ಅವರನ್ನು ಬಿಟ್ಟು ಹೋಯಿತು. ಸಂಜೆ ನನಗೆ ಫೋನ್ ಬಂತು. ನಾನು ಯಾದಗಿರಿಯಲ್ಲಿ ಒಂದು ಪತ್ರಿಕೆಯ ಜಿಲ್ಲಾ ವರದಿಗಾರ. ಮಾವ ನನ್ನನ್ನು ಕರೆಯುವುದು ಪೇಪರ್ ಅಳಿಯಾ ಎಂದು.

"ಪೇಪರ್ ಅಳಿಯಾ, ಇಂಥಾ ಮಂದಿ ಊರೂರಿಗಿ ಅದಾರ. ಇವ್ರೆಲ್ಲಾ ಚೆನ್ನೈಗಿ ಹೋಗ್ತಾರೇನು?"

"ಇಲ್ಲ."

"ಮತ್ತ ಚೆನ್ನೈ ಇಲ್ಲಿಗಿ ಬರಬೇಕಿಲ್ಲೋ?"

ಚೆನ್ನೈ ಬರಲಿಲ್ಲ. ಕಚೇರಿ ಪಡಸಾಲೆಯಲ್ಲಿ ಶುರುವಾಯಿತು. ನಿಯಮಗಳನ್ನು ಮಾವ ಸ್ವಂತ ಮಾಡಲಿಲ್ಲ, ಇತಿಹಾಸದಿಂದ ಎತ್ತಿಕೊಂಡರು. ಅಮೆರಿಕದ ಕಚೇರಿ ಮೊದಲ ಕಾಲದಲ್ಲಿ ಪ್ರತಿಯೊಂದು ಶೋಧಕ್ಕೂ ಒಂದು ಪುಟ್ಟ ಮಾದರಿ ಮಾಡಿಕೊಡಬೇಕು ಎನ್ನುತ್ತಿತ್ತು. ಇಲ್ಲಿಯೂ ಹಾಗೆಯೇ, ಮಾದರಿ ಒಂದು ಗೇಣಿಗಿಂತ ದೊಡ್ಡದಿರಬಾರದು. ಕಾಗದಪತ್ರ ಏನೂ ಬೇಡ, ಏಕೆಂದರೆ ಮಾವನ ಅಕ್ಷರ ಮಾವನಿಗೇ ತಿಳಿಯುವುದಿಲ್ಲ. ಹಕ್ಕಿನ ಅವಧಿ ಹದಿನಾಲ್ಕು ವರ್ಷ, ಅದೂ ಹಳೆಯ ಕಾನೂನಿನದೇ. ಅಮೆರಿಕದಲ್ಲಿ ೧೭೯೦ರಲ್ಲಿ ಅರ್ಜಿ ನೋಡಲು ಮೂವರ ಮಂಡಳಿ ಇತ್ತು. ದೇಶದ ವ್ಯವಹಾರ ನೋಡುವ ಕಾರ್ಯದರ್ಶಿ, ಯುದ್ಧದ ಕಾರ್ಯದರ್ಶಿ, ಕಾನೂನಿನ ಮುಖ್ಯಸ್ಥ. ಆ ಸ್ಥಾನಗಳಿಗೆ ಮಾವ ಕ್ರಮವಾಗಿ ತಮ್ಮನ್ನು, ಹಿಟ್ಟಿನ ಗಿರಣಿಯ ಗೌಡರನ್ನು ಮತ್ತು ಎದುರುಮನೆಯ ದರ್ಜಿ ಚಾಚಾನನ್ನು ನೇಮಿಸಿದರು.

"ನನಗ್ಯಾಕ್ರಿ ಯುದ್ಧ?" ಎಂದು ಗೌಡರು ಕೇಳಿದರು.

"ನೀವು ದಿನಾ ಗಿರಾಕಿ ಕೂಡ ಮಾಡೂದು ಮತ್ತೇನು?"

"ಔರ್ ಮೈ?" ಎಂದರು ಚಾಚಾ. "ಕಾನೂನು ನಂಗೇನು ಗೊತ್ತದ ಮಾಸ್ತರ್ ಸಾಬ್?"

"ಅಳತಿ ಗೊತ್ತದಲ್ಲ. ಅಷ್ಟ ಸಾಕು."

ಹಕ್ಕು ಸಿಕ್ಕರೆ ಆಗುವುದೇನು ಎಂದು ಯಾರಾದರೂ ಕೇಳಬಹುದು. ಹದಿನಾಲ್ಕು ವರ್ಷ ಆ ಸಾಧನವನ್ನು ಯಾರು ಬಳಸಿದರೂ, ಕೇಳಿದವರಿಗೆ ಶೋಧಕನ ಹೆಸರು ಹೇಳಬೇಕು. ಅಷ್ಟೇ. ಹೇಳದಿದ್ದರೆ ಯುದ್ಧ ಇಲಾಖೆ ಮಧ್ಯ ಪ್ರವೇಶಿಸುತ್ತದೆ, ಅಂದರೆ ಗೌಡರು ಆತನ ಜೋಳ ಬೀಸಿಕೊಡುವುದಿಲ್ಲ. ಒಮ್ಮೆ ಹೋಟೆಲಿನವನೊಬ್ಬ ಮಡ್‌ಗಾರ್ಡ್ ಕೂಡಿಸಿಕೊಂಡು ಅದು ತನ್ನದೇ ತಲೆ ಎಂದು ಹೇಳಿ, ಜೋಳದ ಚೀಲದೊಂದಿಗೆ ಗಿರಣಿಯ ಮುಂದೆ ಮಧ್ಯಾಹ್ನದವರೆಗೆ ನಿಂತಿದ್ದ. ಕಡೆಗೆ "ವಡಗೇರಾದವಂದು ರೀ" ಎಂದ. ಗಿರಣಿ ಶುರುವಾಯಿತು. ದೇಶದ ಯಾವ ನ್ಯಾಯಾಲಯದಲ್ಲೂ ಪೇಟೆಂಟ್ ವ್ಯಾಜ್ಯ ಇಷ್ಟು ಬೇಗ ಮುಗಿದಿರಲಾರದು ಎಂಬುದು ಮಾವನ ಹೇಳಿಕೆ. ನಾನು ಪರಿಶೀಲಿಸಿಲ್ಲ.

ಎಲ್ಲರಿಗೂ ಹಕ್ಕು ಸಿಗುತ್ತಿತ್ತು ಎಂದು ತಿಳಿಯಬಾರದು. ಕೊಡೇಕಲ್‌ನಲ್ಲಿ ಗುಡಿಗೆ ಬರುವವರ ಚಪ್ಪಲಿ ಕಾಯುವ ಮುದುಕನೊಬ್ಬ ಬಂದಿದ್ದ. ಅವನು ಚೀಟಿ ಕೊಡುವುದಿಲ್ಲ, ಗುರುತು ಹಾಕುವುದಿಲ್ಲ. ದರ್ಶನ ಮುಗಿಸಿ ಬಂದವರ ಪಾದ ನೋಡಿ ಅವರವರ ಜೋಡು ಎತ್ತಿಕೊಡುತ್ತಾನೆ. ಮಂಡಳಿ ಪರೀಕ್ಷೆ ಮಾಡಿತು. ಓಣಿಯವರೆಲ್ಲ ಚಪ್ಪಲಿ ಬಿಟ್ಟು, ಒಂದು ಸುತ್ತು ಹಾಕಿ ಬಂದರು. ಒಂದೂ ತಪ್ಪಲಿಲ್ಲ. ಗೌಡರು ಬೇಕೆಂದೇ ಚಾಚಾನ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದರೂ ಮುದುಕ ಅವುಗಳನ್ನು ಬಿಚ್ಚಿಸಿದ. ಆದರೂ ಅರ್ಜಿ ವಜಾ ಆಯಿತು.

"ಇದು ಯಂತ್ರ ಅಲ್ಲ ಯಜಮಾನಾ, ನೆನಪು," ಎಂದರು ಮಾವ. "ನೆನಪಿಗಿ ಹಕ್ಕು ಕೊಡಾಕ ಬರೂದಿಲ್ಲ."

"ಬ್ಯಾಡ್ ಬಿಡ್ರಿ," ಎಂದ ಮುದುಕ. "ಬಸ್ಸಿಗಿ ಹೊತ್ತಾತು. ನನ್ನ ಚಪ್ಪಲಿ ಎಲ್ಲಿ?"

ಅವನ ಚಪ್ಪಲಿ ಮಾತ್ರ ಸಿಗಲಿಲ್ಲ. ಮಾವ ತಮ್ಮವನ್ನು ಕೊಟ್ಟು ಕಳಿಸಿದರು.

ಈಗ ರದ್ದತಿಯ ಪ್ರಸಂಗ. ೧೮೫೬ರ ಕಾನೂನನ್ನು ಮರುವರ್ಷವೇ ರದ್ದು ಮಾಡಬೇಕಾಯಿತು. ಕಾರಣ ಬಹಳ ಸರಳ. ಅದನ್ನು ಮಾಡುವ ಮುಂಚೆ ಇಂಗ್ಲೆಂಡಿನ ರಾಣಿಯ ಒಪ್ಪಿಗೆ ಪಡೆದಿರಲಿಲ್ಲ. ಎಲ್ಲ ಮುಗಿದ ಮೇಲೆ ಇದು ಯಾರಿಗೋ ನೆನಪಾಯಿತು.

ಮಾವ ಪಡಸಾಲೆಯಲ್ಲಿ ಕಚೇರಿ ತೆರೆದಾಗ ಅತ್ತೆ ತವರುಮನೆ ಸುರಪುರಕ್ಕೆ ಹೋಗಿದ್ದರು, ತಮ್ಮನ ಮಗಳ ಸೀಮಂತಕ್ಕೆ. ಮರಳಿ ಬಂದು ನೋಡಿದರೆ ಗೋಡೆಯ ತುಂಬ ಮೊಳೆ, ಹಲಗೆ, ಹಲಗೆಯ ಮೇಲೆ ಗೇಣುದ್ದದ ಮಿರ್ಚಿ ಬಾಣಲೆ, ಬೆಂಕಿಪೊಟ್ಟಣದ ಎತ್ತಿನಗಾಡಿ, ಬಾಟಲಿ ಮುಚ್ಚಳದ ಕೂಲರು. ಅವರ ದೇವರ ಫೋಟೋಗಳು ಮೂಲೆಯಲ್ಲಿ ಒಂದರ ಮೇಲೊಂದು ಕುಳಿತಿದ್ದವು.

"ಯಾರನ್ನ ಕೇಳಿ ಹೊಡದ್ರಿ ಈ ಮೊಳಿ?"

"ನೀ ಊರಾಗ ಇರಲಿಲ್ಲ."

"ಫೋನ್ ಇತ್ತಿಲ್ಲೋ? ದಿನಾ ಮುಂಜಾನಿ ಉಪ್ಪು ಎಲ್ಲದ, ಸಕ್ಕರಿ ಎಲ್ಲದ ಅಂತ ಕೇಳಾಕ ಇತ್ತು, ಇದಕ್ಕ ಇರಲಿಲ್ಲೇನು?"

ಕಚೇರಿ ಅಂದು ಸಂಜೆಯೇ ಮುಚ್ಚಿತು. ಸಮಾಧಾನ ಹೇಳೋಣವೆಂದು ನಾನು ಫೋನ್ ಮಾಡಿದೆ. ಮಾವ ಬಹಳ ಉತ್ಸಾಹದಲ್ಲಿದ್ದರು.

"ರಾಣಿ ಒಪ್ಪಿಗಿ ಇರಲಿಲ್ಲ ಅಳಿಯಾ. ಥೇಟ್ ಐವತ್ತೇಳರಾಗ ಆದಂಗಾ. ನಾ ಏನೂ ಮಾಡಿಲ್ಲ ನೋಡು, ತಾನಾ ಆಗ್ಯದ."

ಇತಿಹಾಸ ಕೈ ಬಿಡುವುದಿಲ್ಲ ಎಂಬ ನಂಬಿಕೆ ಅವರಿಗೆ ಆಗ ಬಂದದ್ದು. ೧೮೫೯ರಲ್ಲಿ ಹೊಸ ತಿದ್ದುಪಡಿಗಳೊಂದಿಗೆ ಕಾನೂನು ಮತ್ತೆ ಬಂದಿತ್ತು. ಮಾವನ ಕಚೇರಿಯೂ ಬಂತು, ಅತ್ತೆಯ ತಿದ್ದುಪಡಿಗಳೊಂದಿಗೆ. ಮಾದರಿಗಳ ಧೂಳನ್ನು ಮಾವನೇ ಒರೆಸಬೇಕು. ಅರ್ಜಿದಾರನಿಗೆ ಒಂದೇ ಸಲ ಚಹಾ. ಮೆಣಸಿನಕಾಯಿ ಒಣ ಹಾಕುವ ದಿನಗಳಲ್ಲಿ ಪಡಸಾಲೆ ಅತ್ತೆಯದು, ಕಚೇರಿಗೆ ರಜೆ. ದೇವರು ಮೊದಲಿದ್ದ ಮೊಳೆಗೇ ಮರಳಬೇಕು. ಅಲ್ಲಿಂದ ಮುಂದೆ ಯಾವ ಹೊಸ ಮಾದರಿ ಗೋಡೆಗೆ ಏರಬೇಕಾದರೂ ಮಾವ ಅಡಿಗೆಮನೆಯ ಬಾಗಿಲಲ್ಲಿ ನಿಂತು "ಒಪ್ಪಿಗಿ ಅದನೋ?" ಎಂದು ಕೇಳುವುದು ರೂಢಿಯಾಯಿತು. ಅತ್ತೆ ಸಾಮಾನ್ಯವಾಗಿ "ಇಲ್ಲ" ಎನ್ನುತ್ತಿದ್ದರು. ಮಾವ ವಾದ ಹೂಡುತ್ತಿದ್ದರು. ಅತ್ತೆಯ ಎರಡೂ ಕೈ ಹಿಟ್ಟಿನಲ್ಲಿರುತ್ತಿದ್ದವು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅವರೂ ವಾದ ಮಾಡುತ್ತಿದ್ದರು. ಮಣೆಯ ಮೇಲೆ ಸಪ್ಪಳ ಜೋರಾದರೆ ಮಾವನ ಪಕ್ಷ ಸೋಲುತ್ತಿದೆ ಎಂದು ಹೊರಗೆ ಕುಳಿತ ಮಂಡಳಿಗೆ ತಿಳಿಯುತ್ತಿತ್ತು. ರೊಟ್ಟಿ ಮುಗಿಯುವ ಹೊತ್ತಿಗೆ ಒಪ್ಪಿಗೆ ಸಿಗುತ್ತಿತ್ತು, ಮಂಡಳಿಗೆ ಪುಂಡಿಪಲ್ಯದೊಂದಿಗೆ ಬಿಸಿ ರೊಟ್ಟಿಯೂ ಸಿಗುತ್ತಿತ್ತು. ಗೌಡರು ಮತ್ತು ಚಾಚಾ ಈ ಕಚೇರಿಯಲ್ಲಿ ಯಾಕೆ ಇಷ್ಟು ವರ್ಷ ನಿಷ್ಠೆಯಿಂದ ಸೇವೆ ಸಲ್ಲಿಸಿದರು ಎಂಬುದಕ್ಕೆ ನನಗೆ ಬೇರೆ ಕಾರಣ ಸಿಕ್ಕಿಲ್ಲ.

೧೮೩೬ರ ಡಿಸೆಂಬರ್‌ನಲ್ಲಿ ಅಮೆರಿಕದ ಪೇಟೆಂಟ್ ಕಚೇರಿಗೆ ಬೆಂಕಿ ಬಿತ್ತು. ಅಷ್ಟೂ ವರ್ಷಗಳ ದಾಖಲೆ, ಮಾದರಿ ಎಲ್ಲ ಸುಟ್ಟವು. ಬೆಂಕಿ ಆರಿಸುವ ಪಂಪು ಹತ್ತಿರದಲ್ಲೇ ಇತ್ತು, ಅದರ ಚರ್ಮದ ಕೊಳವೆ ಹಳತಾಗಿ ಹರಿದಿತ್ತು ಎನ್ನುತ್ತಾರೆ. ಮಾವ ಇದನ್ನು ಹೇಳುವಾಗಲೆಲ್ಲ ದನಿ ತಗ್ಗಿಸುತ್ತಿದ್ದರು. ಇಂಥದ್ದು ತಮ್ಮ ಕಚೇರಿಗೂ ಬರುತ್ತದೆ ಎಂದು ಕಾಯುತ್ತಿದ್ದರೇನೋ.

ಬಂತು. ಒಂದು ದೀಪಾವಳಿಗೆ ಸುಣ್ಣ ಹಚ್ಚಲು ಮಾದರಿಗಳನ್ನೆಲ್ಲ ಇಳಿಸಿ ಒಂದು ಗೋಣಿಚೀಲದಲ್ಲಿ ತುಂಬಿ ಹಿತ್ತಲಲ್ಲಿ ಇಡಲಾಗಿತ್ತು. ಇಟ್ಟವರು ಮಾವ. ಇಟ್ಟ ಜಾಗ ನೀರೊಲೆಯ ಪಕ್ಕ, ಸೌದೆ ಇಡುವಲ್ಲಿ. ಇಟ್ಟು ಯಾದಗಿರಿಗೆ ಹೋದರು. ಮರಳಿ ಬಂದಾಗ ಚೀಲ ಖಾಲಿ ಇತ್ತು.

"ಎಲ್ಲಿ?" ಎಂದರು.

"ನೀರು ಕಾದಾವ. ಜಳಕ ಮಾಡ್ರಿ," ಎಂದರು ಅತ್ತೆ.

ಮಾವ ಒಲೆಯ ಮುಂದೆ ಕುಳಿತುಬಿಟ್ಟರು. ಅತ್ತೆಗೆ ಆಗ ವಿಷಯ ತಿಳಿಯಿತು. ಅವರು ತಪ್ಪಾಯಿತು ಎನ್ನುವವರಲ್ಲ. ಸ್ವಲ್ಪ ಹೊತ್ತು ಬಿಟ್ಟು ಹತ್ತಿರ ಬಂದು ಕೇಳಿದರು.

"ಅಮೇರಿಕಾದಾಗ ಮೊದಲನೇ ಪೇಟೆಂಟ್ ಯಾತಕ್ಕ ಕೊಟ್ಟಿದ್ರು ಅಂದ್ರಿ?"

"ಬೂದಿ ಮಾಡೂದಕ್ಕ," ಎಂದರು ಮಾವ, ತಲೆ ಎತ್ತದೆ. ಅದು ನಿಜ. ಸಾಬೂನು ಮುಂತಾದವಕ್ಕೆ ಬೇಕಾದ ಬೂದಿಯ ಕ್ಷಾರವನ್ನು ತಯಾರಿಸುವ ಹೊಸ ವಿಧಾನಕ್ಕೆ ಕೊಟ್ಟಿದ್ದು.

"ಹಂಗಾದ್ರ ನಂಗೂ ಒಂದು ಕೊಡ್ರಿ," ಎಂದು ಅತ್ತೆ ಒಲೆಯ ಕಡೆ ಕೈ ತೋರಿಸಿದರು.

ಮಾವ ಜಳಕ ಮಾಡಿದರು. ನೀರು ಚೆನ್ನಾಗಿ ಕಾದಿತ್ತು ಎಂಬುದನ್ನು ಅವರೇ ಒಪ್ಪಿದ್ದಾರೆ.

ಅಮೆರಿಕದವರು ಬೆಂಕಿಯ ನಂತರ ಶೋಧಕರನ್ನೆಲ್ಲ ಹುಡುಕಿ ಅವರ ಹತ್ತಿರ ಉಳಿದ ಪ್ರತಿಗಳನ್ನು ತರಿಸಿಕೊಂಡರಂತೆ, ಸಿಕ್ಕಿದ್ದು ಕಡಿಮೆ. ಮಾವನೂ ಹಬ್ಬ ಮುಗಿಸಿಕೊಂಡು ವಡಗೇರಾ, ದೋರನಹಳ್ಳಿ, ಸುರಪುರ ಸುತ್ತಿ ಎಲ್ಲರಿಂದ ಮತ್ತೆ ಮಾದರಿ ಮಾಡಿಸಿ ತಂದರು. ಸುಟ್ಟವಕ್ಕಿಂತ ಇವು ಚೆನ್ನಾಗಿದ್ದವು. ಮಿರ್ಚಿಯವನಂತೂ ಈ ಸಲ ಗೇಣುದ್ದದ ಬಾಣಲೆಯ ಜೊತೆ ಅಂಗಡಿಯನ್ನೂ ಮಾಡಿಕೊಟ್ಟಿದ್ದ. ಬೆಂಕಿಯಾದ ವರ್ಷವೇ ಅಮೆರಿಕದಲ್ಲಿ ಪೇಟೆಂಟುಗಳಿಗೆ ಒಂದರಿಂದ ಹೊಸ ಸಂಖ್ಯೆ ಹಚ್ಚುವುದು ಶುರುವಾಗಿತ್ತು. ಮಾವನೂ ಗೋಡೆಯ ಮೊಳೆಗಳಿಗೆ ಒಂದರಿಂದ ಸಂಖ್ಯೆ ಬರೆದರು. ಆದರೆ ಒಂದನೆಯ ಮೊಳೆಗೆ ಏನನ್ನೂ ತೂಗುಹಾಕಲಿಲ್ಲ.

"ಒಂದನೇದು ಯಾಕ ಖಾಲಿ ಮಾಸ್ತರ್ ಸಾಬ್?" ಎಂದು ಚಾಚಾ ಕೇಳಿದರು.

"ಒಂದನೇದಕ್ಕ ತಕ್ಕದ್ದು ಇನ್ನಾ ಬಂದಿಲ್ಲ," ಎಂದರು ಮಾವ.

ಹೋದ ವರ್ಷ ಬೇಸಿಗೆಯಲ್ಲಿ ಅತ್ತೆ ಅಡಿಗೆಮನೆಯಲ್ಲಿ ಬಿದ್ದರು. ಕಲಬುರಗಿಯ ಆಸ್ಪತ್ರೆಗೆ ಸೇರಿಸಿದೆವು. ಜೀವಕ್ಕೆ ಅಪಾಯವಾಗಲಿಲ್ಲ. ಮಾತು ಉಳಿಯಿತು, ಕಾಲು ನಿಧಾನವಾಗಿ ಸರಿಯಾಯಿತು, ಬಲಗೈ ಮರಳಲಿಲ್ಲ. ಮಾಲೀಸು, ವ್ಯಾಯಾಮ ಎಲ್ಲ ನಡೆಯುತ್ತಿದೆ. ಡಾಕ್ಟರು ಹೆಚ್ಚು ಭರವಸೆ ಕೊಟ್ಟಿಲ್ಲ.

ಮನೆಯಲ್ಲಿ ರೊಟ್ಟಿ ನಿಂತಿತು. ಪಕ್ಕದ ಮನೆಯವರು ದಿನಾ ಕಳಿಸತೊಡಗಿದರು. ಅತ್ತೆ ಒಂದು ತುಂಡು ಮುರಿದು, ದಪ್ಪ ಅದ ಎಂದು ಬದಿಗಿಟ್ಟರು. ಅಂಗಡಿಯ ಕಡಕ್ ರೊಟ್ಟಿ ತಂದರೆ, ಅದು ಪ್ರವಾಸಕ್ಕೆ ಹೋಗುವವರಿಗೆ ಎಂದರು. ನನ್ನ ಹೆಂಡತಿ ಯಾದಗಿರಿಯಿಂದ ರೊಟ್ಟಿ ಒತ್ತುವ ಕರೆಂಟಿನ ಯಂತ್ರ ಒಯ್ದು ಕೊಟ್ಟಳು. ಅತ್ತೆ ಅದರಲ್ಲಿ ಬಂದದ್ದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಛಲೋ ಅದವ್ವಾ. ಕಾಗದಕ್ಕ ಕಾಗದ, ರೊಟ್ಟಿಗಿ ರೊಟ್ಟಿ."

ಅನ್ನ ಉಣ್ಣತೊಡಗಿದರು, ಅದೂ ಸ್ವಲ್ಪ. ಹಗಲೆಲ್ಲ ಅಡಿಗೆಮನೆಯ ಕಡೆ ಬೆನ್ನು ಮಾಡಿ ಕೂಡುತ್ತಿದ್ದರು.

ಆದರೆ ಮಾವ ಗಾಬರಿಯಾದದ್ದು ಅದಕ್ಕಲ್ಲ. ಒಂದು ದಿನ ಅವರು ಯಾದಗಿರಿಗೆ, ನಾನಿದ್ದಲ್ಲಿಗೇ ಬಂದರು. ನಮ್ಮ ಪತ್ರಿಕೆಯ ಕಚೇರಿಯ ಹೊರಗೆ ಚಹಾ ಕುಡಿಯುತ್ತ ಹೇಳಿದರು.

"ಅಳಿಯಾ, ಏನು ಕೇಳಿದ್ರೂ ಹೂಂ ಅಂತಾಳ."

"ಅಂದ್ರ?"

"ಮೊನ್ನಿ ಒಂದು ಮಾದರಿ ತೂಗು ಹಾಕಬೇಕಿತ್ತು. ಒಪ್ಪಿಗಿ ಅದನೋ ಅಂದೆ. ಹೂಂ ಹಾಕ್ರಿ ಅಂದಳು. ದೇವರ ಮೊಳಿಗಿ ಹಾಕಲೇನು ಅಂತ ಬೇಕಂತಾ ಕೇಳಿದೆ. ಅದಕ್ಕೂ ಹಾಕ್ರಿ ಅಂದಳು."

ಅವರು ಚಹಾ ಅರ್ಧ ಬಿಟ್ಟು ಎದ್ದರು. ಮರುದಿನದಿಂದ ಕಚೇರಿಗೆ ರಜೆ ಘೋಷಿಸಿದರು. ಅದು ಮೆಣಸಿನಕಾಯಿ ಒಣ ಹಾಕುವ ಕಾಲವಲ್ಲ.

ಬಲಗೈ ಬಡಿಯಬೇಕು, ಎಡಗೈ ರೊಟ್ಟಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಿರಬೇಕು, ರೊಟ್ಟಿ ದುಂಡಗಾಗುವುದು ಹಾಗೆ. ಇರುವುದು ಒಂದೇ ಕೈ. ಅದು ಬಡಿಯಲಿ, ತಿರುಗಿಸುವ ಕೆಲಸವನ್ನು ಮಣೆ ಮಾಡಲಿ ಎಂಬುದು ಮಾವನ ಯೋಜನೆ. ಚಾಚಾ ತಮ್ಮ ಹಳೆಯ ಹೊಲಿಗೆ ಮಷೀನಿನ ಕಾಲು ಪೆಡಲ್ ಬಿಚ್ಚಿ ಕೊಟ್ಟರು. ಅದಕ್ಕೆ ಬೆಲ್ಟ್ ಹಾಕಿ ಮೇಲೆ ದುಂಡು ಮಣೆ ಕೂಡಿಸಿದರು. ಮೊದಲ ಪರೀಕ್ಷೆ ಪಡಸಾಲೆಯಲ್ಲಿ ನಡೆಯಿತು. ಮಾವ ಹಿಟ್ಟಿನ ಉಂಡೆ ಇಟ್ಟು ಪೆಡಲ್ ಒತ್ತಿದರು. ಮಣೆ ಹೊಲಿಗೆ ಮಷೀನಿನ ವೇಗದಲ್ಲೇ ತಿರುಗಿತು. ಉಂಡೆ ಹಾರಿ ಗೋಡೆಗೆ ಹೋಗಿ ಅಂಟಿಕೊಂಡಿತು, ಮಿರ್ಚಿ ಅಂಗಡಿಯ ಪಕ್ಕ.

ಚಾಚಾ ಎದ್ದು ಹೋಗಿ ನೋಡಿದರು. "ಇದಕ್ಕ ಯಾವ ನಂಬರ್ ಕೊಡ್ಲಿ ಮಾಸ್ತರ್ ಸಾಬ್?"

ಕುರ್ಚಿಯಲ್ಲಿ ಕುಳಿತಿದ್ದ ಅತ್ತೆ ನಕ್ಕರು ಎಂದು ಗೌಡರು ಹೇಳುತ್ತಾರೆ. ಕೆಮ್ಮಿದರು ಎಂದು ಚಾಚಾ ಹೇಳುತ್ತಾರೆ.

ಮಾವ ಬೆಲ್ಟ್ ತೆಗೆದು, ಸೈಕಲ್ಲಿನ ಫ್ರೀವೀಲ್ ಹಾಕಿದರು. ಈಗ ಮಣೆ ನಿಧಾನವಾಗಿ ತಿರುಗುತ್ತಿತ್ತು. ಆದರೆ ನಿಲ್ಲದೆ ತಿರುಗುತ್ತಿತ್ತು. ಮಾವ ತಾವೇ ಎಡಗೈಯಲ್ಲಿ ಬಡಿದು ತೋರಿಸಿದರು. ಆದದ್ದು ಭಾರತದ ನಕಾಶೆಯೂ ಅಲ್ಲ, ಅದಾದರೂ ಗುರುತು ಸಿಗುತ್ತದೆ. ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಯಲ್ಲೇ ಎಡಗೈಯನ್ನು ಗಾಳಿಯಲ್ಲಿ ಎರಡು ಸಲ ಬಡಿದು ನೋಡಿಕೊಂಡರು.

"ನಿಮಗ ರೊಟ್ಟಿ ತಿನ್ನೂದು ಗೊತ್ತದ," ಎಂದರು. "ಉಲ್ಟಾ ತಿರಗಾಕತ್ತದ. ಎಡಗೈ ಅಂದ್ರ ಆಕಡಿಂದ ಬರಬೇಕು. ಮತ್ತ ಅದೇನು ಬೀಸೂ ಕಲ್ಲೇನು, ಗರಗರ ತಿರಗಾಕ? ಒಂದು ಏಟು ಬಿತ್ತಂದ್ರ ಒಂದು ಬಳ್ಳಷ್ಟು ಸರೀಬೇಕು. ನಿಂದರಬೇಕು. ಮತ್ತೊಂದು ಏಟು, ಮತ್ತೊಂದು ಬಳ್ಳು."

ಮಾವ ನಟ್ಟು ಬಿಚ್ಚಲು ಪಾನಾ ತೆಗೆದುಕೊಂಡರು. ಫ್ರೀವೀಲನ್ನು ಬೋರಲು ಹಾಕಿದರೆ ದಿಕ್ಕು ಬದಲಾಗುತ್ತದೆ. ಪೆಡಲಿನ ಸರಳನ್ನು ಚಿಕ್ಕದು ಮಾಡಿದರೆ ಒಂದು ಒತ್ತಿಗೆ ಮಣೆ ಒಂದು ಬೆರಳಷ್ಟೇ ಸರಿಯುತ್ತದೆ. ಸರಿದು ನಿಲ್ಲಲು ಒಂದು ಕೊಕ್ಕೆ. ಕಬ್ಬಿಣದ ಸಣ್ಣ ಸದ್ದಿನೊಂದಿಗೆ ಮಣೆ ಅತ್ತೆ ಹೇಳಿದ ಹಾಗೆ ಸರಿಯಿತು, ನಿಂತಿತು.

ಕಳೆದ ವಾರ ಮಾವ ಕಚೇರಿ ಮತ್ತೆ ತೆರೆದರು. ಅರ್ಜಿ ತಮ್ಮದೇ ಆದ್ದರಿಂದ ಮಂಡಳಿಯಿಂದ ಆ ದಿನದ ಮಟ್ಟಿಗೆ ಹಿಂದೆ ಸರಿದು, ಅವರ ಜಾಗದಲ್ಲಿ ನನ್ನನ್ನು ಕೂಡಿಸಿದರು. ಅಲ್ಲಿ ಕುಳಿತು ಕೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಾವ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಒಂದು ಗೇಣಿನ ಮಾದರಿಯನ್ನು ನಮ್ಮ ಮುಂದಿಟ್ಟು ನಿಂತರು. ಡಬ್ಬಿಯ ಮುಚ್ಚಳದ ಮಣೆ, ಗಡಿಯಾರದ ಹಲ್ಲಿನ ಚಕ್ರ.

"ಒಂದೇ ಕೈಲಿ ರೊಟ್ಟಿ ಬಡಿಯೂ ಮಣಿ. ಮೊದಲ ಮತ್ತು ನಿಜವಾದ ಶೋಧಕ ನಾನು," ಎಂದರು. ಕೊನೆಯ ವಾಕ್ಯ ಹಳೆಯ ಕಾನೂನಿನ ಭಾಷೆ.

"ಇವರ್ಯಾಕ ಶೋಧಕ?" ಎಂಬ ದನಿ ಅತ್ತೆಯ ಕುರ್ಚಿಯಿಂದ ಬಂತು. "ಅದು ನಂದು."

ಗೌಡರು ನನ್ನ ಮುಖ ನೋಡಿದರು. ನಾನು ಚಾಚಾನ ಮುಖ ನೋಡಿದೆ.

"ನಿಂದ್ಹೆಂಗ?" ಎಂದರು ಮಾವ. "ಫ್ರೀವೀಲ್ ತಂದಾಂವ ನಾನು. ಸರಳು ಕೊಯ್ದಾಂವ ನಾನು."

"ಗೋಡಿಗಿ ಹಿಟ್ಟು ಹೊಡದಾಂವನೂ ನೀವಾ. ಆಕಡಿಂದ ತಿರಗಲಿ ಅಂದಾಕಿ ಯಾರು? ಬಳ್ಳಷ್ಟು ಸರೀಲಿ ಅಂದಾಕಿ ಯಾರು?"

"ಬಾಯಿಲೆ ಹೇಳಿದ್ರ ಶೋಧ ಆಗೂದಿಲ್ಲ."

"ಹಂಗಾದ್ರ ನೀವಾ ಬಡ್ದು ತೋರಸ್ರಿ."

"ಅದು ನಿನ್ನ ಕೈಯಾನ ನೆನಪು. ನೆನಪಿಗಿ ಹಕ್ಕಿಲ್ಲ. ಕೊಡೇಕಲ್ ಮುದುಕಪ್ಪನ ಕೇಸಿನಾಗ ತೀರ್ಮಾನ ಆಗ್ಯದ."

"ಆ ಮುದುಕಪ್ಪಗ ನಿಮ್ಮ ಹೊಸಾ ಚಪ್ಪಲಿ ಕೊಟ್ಟು ಕಳಿಸಿದ್ರೆಲ್ಲ, ಅದು ಯಾವ ಕಾನೂನು?"

ಯುದ್ಧ ಕಾರ್ಯದರ್ಶಿ ಮಧ್ಯೆ ಬಾಯಿ ಹಾಕಲು ನೋಡಿದರು, ಇಬ್ಬರೂ ಬಿಡಲಿಲ್ಲ. ವಾದ ಬಹಳ ಹೊತ್ತು ನಡೆಯಿತು. ಕಡೆಗೆ ಚಾಚಾ, ಯಾರ ಶೋಧವೇ ಇರಲಿ, ಕೆಲಸ ಮಾಡುತ್ತದೋ ಇಲ್ಲವೋ ನೋಡದೆ ಮಂಡಳಿ ಏನೂ ಹೇಳಲು ಬರುವುದಿಲ್ಲ, ಭಾಭಿಜಾನ್ ಬಡಿದು ತೋರಿಸಲಿ ಎಂದರು. ಅತ್ತೆ ತಮ್ಮ ಎಡಗೈಯನ್ನು ಮಡಿಲಲ್ಲಿ ತಿರುಗಿಸಿ ನೋಡಿಕೊಂಡರು.

"ಇವತ್ತಲ್ಲ. ಹಂಚು ಕಾದಿಲ್ಲ. ನನ್ನ ಕೈ ಯಾವಾಗ ಅಂತದೋ ಅವಾಗ."

ಮಾವ ಮಾದರಿಯನ್ನು ಎತ್ತಿಕೊಂಡು ಒಂದನೆಯ ಮೊಳೆಯ ಕೆಳಗೆ ಹೋಗಿ ನಿಂತು, ಯಾವಾಗಿನಂತೆ ಕೇಳಿದರು.

"ಅಲ್ಲೀತನಾ ಇಲ್ಲಿ ತೂಗು ಹಾಕಿರತೀನಿ. ಒಪ್ಪಿಗಿ ಅದನೋ?"

"ಇಲ್ಲ," ಎಂದರು ಅತ್ತೆ. "ಅದ್ಹೆಂಗ ಹಾಕ್ತೀರಿ? ಇಲ್ಲ ಅಂದ್ರ ಇಲ್ಲ."

ನನ್ನನ್ನು ಬಸ್ಸಿಗೆ ಬಿಡಲು ಮಾವ ಗೇಟಿನವರೆಗೆ ಬಂದರು. ಮಾದರಿ ಇನ್ನೂ ಅವರ ಕೈಯಲ್ಲೇ ಇತ್ತು. ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಸರಿಸುತ್ತಿದ್ದರು.

"ಇಲ್ಲ ಅಂದಳ ಅಳಿಯಾ," ಎಂದರು. "ಕೇಳಿದಿಲ್ಲೋ? ಇಲ್ಲ ಅಂದಳ."

ಇಂದು ಬೆಳಿಗ್ಗೆ ಈ ಬರಹವನ್ನು ಕಳಿಸುವ ಮುಂಚೆ, ವಿವರ ಖಚಿತಪಡಿಸಿಕೊಳ್ಳಲು ಶಹಾಪುರಕ್ಕೆ ಫೋನ್ ಮಾಡಿದೆ. ಮಾವ ಎತ್ತಿದವರೇ ಫೋನನ್ನು ಅಡಿಗೆಮನೆಯ ಕಡೆ ಹಿಡಿದರು. ಒಂದು ಏಟು, ಕಬ್ಬಿಣದ ಒಂದು ಸಣ್ಣ ಸದ್ದು, ಮತ್ತೊಂದು ಏಟು ಕೇಳಿಸಿತು.

ಮಾವ ಆಮೇಲೆ ಹೇಳಿದ ಪ್ರಕಾರ ಮೊದಲ ರೊಟ್ಟಿ ದುಂಡಗಿರಲಿಲ್ಲ. ಒಂದು ಅಂಚು ದಪ್ಪವಾಗಿತ್ತು. ಅದನ್ನು ಮಾವ ತಿಂದಿದ್ದಾರೆ. ಮಂಡಳಿಯ ತೀರ್ಪು ಬಂದಿಲ್ಲ. ಒಂದನೆಯ ಮೊಳೆ ಖಾಲಿ ಇದೆ. ಎರಡನೆಯ ರೊಟ್ಟಿ ಹಂಚಿನ ಮೇಲಿದೆ.